ಗೋಲು ಕಾಯುತ್ತಿದ್ದ ನ್ಯಾನಿಸಿ

ನಮ್ಮೂರಿನ ಹೆಂಗಸರಲ್ಲಿ ನ್ಯಾನಿಸಿಯಷ್ಟು ಎತ್ತರದವಳು ಇನ್ನೊಬ್ಬಳಿರಲಿಲ್ಲ. ಲೆತಾಬಾ ನದಿಯ ಆಚೆ ದಡದ ಟೊಮೆಟೊ ತೋಟಕ್ಕೆ ನಾವೆಲ್ಲ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ, ಲಾರಿ ಕಾಯುತ್ತ ನಿಂತ ಗುಂಪಿನಲ್ಲಿ ಅವಳ ತಲೆವಸ್ತ್ರ ದೂರದಿಂದಲೇ ಕಾಣುತ್ತಿತ್ತು. ತುಂಬಿದ ಪೆಟ್ಟಿಗೆಯನ್ನು ತಲೆಗೇರಿಸಿ, ಎರಡೂ ಕೈ ಬಿಟ್ಟು, ಗಿಡಗಳ ಸಾಲಿನ ನಡುವೆ ಬೀಸಿಕೊಂಡು ನಡೆಯುವಳು. ಗಂಡ ಚಿನ್ನದ ಗಣಿಯಿಂದ ಎದೆರೋಗ ಹೊತ್ತು ತಂದು ತೀರಿಕೊಂಡಾಗ ಮಗ ಖಜಮುಲಾ ಇನ್ನೂ ಶಾಲೆಗೆ ಹೋಗುತ್ತಿದ್ದ. ಅವನನ್ನು ಸಾಕಿದ್ದು ಅವಳ ನೆತ್ತಿ ಎಂದು ನಾವು ಹೇಳುವುದುಂಟು.

ತೋಟದ ಕೆಲಸ ಬಿಟ್ಟ ಮೇಲೆ ಅವಳು ಕುಳಿತುಬಿಟ್ಟಳು. ನಾವೂ ಅಷ್ಟೇ. ಅರವತ್ತು ದಾಟಿದರೆ ಸರ್ಕಾರದ ಪಿಂಚಣಿ ಬರುತ್ತದೆ, ಮನೆಗೆಲಸಕ್ಕೆ ಸೊಸೆಯೋ ಮಗಳೋ ಇರುತ್ತಾಳೆ, ಮಾರುಲಾ ಮರದ ಕೆಳಗೆ ಚಾಪೆ ಇರುತ್ತದೆ. ಕೂತಲ್ಲೇ ಬೆನ್ನು ಹಿಡಿದುಕೊಳ್ಳುತ್ತದೆ, ಮಂಡಿ ಊದುತ್ತದೆ. ರಕ್ತದೊತ್ತಡದ ಮಾತ್ರೆಗೆಂದು ತಿಂಗಳಿಗೊಮ್ಮೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಸಾಲಾಗಿ ಕೂರುವುದೇ ನಮ್ಮ ತಿರುಗಾಟವಾಗಿತ್ತು.

ಒಂದು ದಿನ ಅಲ್ಲಿನ ನರ್ಸು ಸಿಸ್ಟರ್ ರಿಖೋತ್ಸೊಗೆ ರೇಗಿಹೋಯಿತು. "ಅಜ್ಜಿಯರಾ, ಮಾತ್ರೆ ಎಷ್ಟು ಅಂತ ಕೊಡ್ಲಿ? ಚಾಪೆ ಬಿಟ್ಟು ಏಳಿ ಮೊದಲು."

"ಎದ್ದು ಎಲ್ಲಿಗೆ ಹೋಗೋದಮ್ಮ, ಮದುವೆ ಗಂಡು ಹುಡುಕೋಕಾ?" ಎಂದಳು ಹ್ಲೆಕಾನಿ. ನ್ಯಾನಿಸಿಯ ಪಕ್ಕದ ಮನೆಯವಳು. ಗಿಡ್ಡಗೆ, ಸಣ್ಣಗೆ, ಬಾಯಿ ಮಾತ್ರ ಜೋರು.

"ಮೈದಾನಕ್ಕೆ. ಫುಟ್‌ಬಾಲ್ ಆಡಿ."

ಬೆಂಚಿಗೆ ಬೆಂಚೇ ನಕ್ಕಿತು. ಆದರೆ ಆ ಹುಡುಗಿ ಬಿಡಲಿಲ್ಲ. ಮುಂದಿನ ಮಂಗಳವಾರ ಶಾಲೆಯ ಹಿಂದಿನ ಬಯಲಿನಲ್ಲಿ ತನ್ನ ತಮ್ಮನ ಚೆಂಡು ಹಿಡಿದು ಕಾಯುತ್ತ ನಿಂತಿದ್ದಳು. ನೋಡಿ ಬರೋಣ ಎಂದು ಹೋದವರು ನಾವು. ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಗಾಲಿನಲ್ಲಿ, ಚೆಂಡಿನ ಹಿಂದೆ ಕೋಳಿ ಅಟ್ಟುವವರ ಹಾಗೆ ಓಡಿದೆವು. ನ್ಯಾನಿಸಿ ಓಡಲೊಲ್ಲೆ ಎಂದಳು. "ಹಾಗಾದ್ರೆ ಈ ಎರಡು ಕಂಬದ ಮಧ್ಯೆ ನಿಂತ್ಕೋ, ನಿನ್ನ ಉದ್ದಕ್ಕೆ ಅದೇ ಸರಿ" ಎಂದಳು ಹ್ಲೆಕಾನಿ. ಅವಳು ನಿಂತಳು. ಹ್ಲೆಕಾನಿಯೇ ಮೊದಲು ಒದ್ದದ್ದು. ನ್ಯಾನಿಸಿ ಒಂದೇ ಕೈ ಚಾಚಿ, ಮರದಿಂದ ಹಣ್ಣು ಕಿತ್ತ ಹಾಗೆ, ಚೆಂಡನ್ನು ಗಾಳಿಯಲ್ಲೇ ಹಿಡಿದಳು.

"ಇಷ್ಟೇನಾ ನಿನ್ನ ಕಾಲಲ್ಲಿರೋ ಕಸುವು?" ಎಂದು ಕೇಳಿದಳು. "ಗಂಡನ್ನ ಒದೀತಿದ್ದಾಗ ಇನ್ನೂ ಜೋರಾಗಿತ್ತಲ್ಲೇ."

ಹೀಗೆ ಶುರುವಾದದ್ದು ವಾರಕ್ಕೆರಡು ಬೆಳಿಗ್ಗೆ, ಕೆಲವು ವರ್ಷ ನಡೆಯಿತು. ನಮ್ಮ ತಂಡಕ್ಕೆ 'ಹೆಣ್ಣಾನೆಗಳು' ಎಂದು ಹೆಸರಾಯಿತು. ಮೊದಲು ಮುಸಿಮುಸಿ ನಗುತ್ತಿದ್ದ ಊರು ಆಮೇಲೆ ಬೇಲಿ ಹತ್ತಿ ನೋಡಿತು. ಮುದುಕಿಯರು ಕಾಲು ತೋರಿಸಿ ಕುಣಿಯುವುದೇ ಎಂದು ಚರ್ಚಿನಲ್ಲಿ ಪಾದ್ರಿ ಗೊಣಗಿದ. ಅವನ ತಾಯಿಯೇ ನಮ್ಮ ಬಲಬದಿಗೆ ಆಡುತ್ತಿದ್ದುದರಿಂದ ಜಾಸ್ತಿ ಮಾತಾಡಲಾಗಲಿಲ್ಲ. ನಮಗೆ ನಿದ್ದೆ ಬರತೊಡಗಿತು. ಗೋಡೆ ಹಿಡಿದು ಏಳುತ್ತಿದ್ದವರು ಹಿಡಿಯದೆಯೇ ಏಳತೊಡಗಿದರು. ಎಡಬದಿಗೆ ಆಡುತ್ತಿದ್ದ ನನಗೆ ಮೆಟ್ಟಿಲು ಹತ್ತುವಾಗಿನ ಮಂಡಿನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನ್ಯಾನಿಸಿಯಂತೂ ಬೇರೆಯೇ ಹೆಂಗಸಾದಳು. ಒಮ್ಮೆ ಚೆಂಡಿಗೆ ಎಗರಿ ಮಗ್ಗುಲಾಗಿ ಬಿದ್ದವಳು ಏಳಲೇ ಇಲ್ಲ. ಗಾಬರಿಯಿಂದ ಓಡಿಹೋಗಿ ನೋಡಿದರೆ ಮಣ್ಣಿನಲ್ಲಿ ಮಲಗಿ ನಗುತ್ತಿದ್ದಾಳೆ. "ಸುಮ್ನಿರಿ, ಒಂದು ಗಳಿಗೆ ಇಲ್ಲೇ ಇರ್ತೀನಿ. ನಾನು ಹೀಗೆ ಬಿದ್ದು ಎಷ್ಟು ಕಾಲ ಆಯ್ತೋ" ಎಂದಳು.

ಅವಳು ಗಿಡ್ಡವಾಗುತ್ತಿದ್ದುದನ್ನು ಮೊದಲು ಕಂಡವಳು ಹ್ಲೆಕಾನಿ. ಆಟ ಮುಗಿಸಿ ಬರುವಾಗ ಒಂದು ದಿನ ಅವಳನ್ನು ನಿಲ್ಲಿಸಿ ಮುಖ ನೋಡಿದಳು. "ಮೊದಲೆಲ್ಲ ನಿನ್ನ ಹತ್ರ ಮಾತಾಡೋಕೆ ಕತ್ತೆತ್ತಬೇಕಿತ್ತು. ಈಗ ಎದುರೆದುರೇ ಸಿಗ್ತೀಯಲ್ಲೇ. ನಾನೇನಾದ್ರೂ ಬೆಳೀತಿದೀನಾ?"

"ಬೆಳೀತಿರೋದು ನಿನ್ನ ಬಾಯಿ" ಎಂದು ನ್ಯಾನಿಸಿ ಮಾತು ಹಾರಿಸಿದಳು. ಆದರೆ ಅವಳ ಲಂಗಗಳು ನೆಲ ಗುಡಿಸುತ್ತಿದ್ದುದನ್ನು, ಅಂಚು ಮಡಚಿ ಹೊಲಿದುಕೊಂಡಿದ್ದನ್ನು ನಾನೂ ನೋಡಿದ್ದೆ. ಬೆನ್ನು ನೋವಿದೆಯಾ ಎಂದರೆ, ಟೊಮೆಟೊ ಹೊತ್ತ ಬೆನ್ನಿಗೆ ನೋವಿಲ್ಲದೆ ಇನ್ನೇನು ಇರುತ್ತದೆ ಎನ್ನುವಳು.

ಆ ಬೆನ್ನು ಮುರಿದದ್ದು ಒಂದು ಭಾನುವಾರ. ಆಟವಿಲ್ಲದ ದಿನ. ನಲ್ಲಿಯಿಂದ ಕೈಗಾಡಿಯಲ್ಲಿ ತಂದ ನೀರಿನ ಕ್ಯಾನನ್ನು ಸೊಸೆ ಬರುವ ಮೊದಲೇ ಇಳಿಸಿಬಿಡೋಣ ಎಂದು ನ್ಯಾನಿಸಿ ಬಗ್ಗಿ ಎತ್ತಿದಳು. ಒಣಕಡ್ಡಿ ಮುರಿದಂತೆ ಒಳಗೊಂದು ಸದ್ದಾಯಿತು ಎಂದು ಆಮೇಲೆ ಹೇಳಿದಳು. ಆ ಸದ್ದು ನಮಗೆ ಕೇಳಲಿಲ್ಲ, ಅವಳ ಕೂಗು ಕೇಳಿತು. ಬೇಲಿಯಾಚೆಯ ಹ್ಲೆಕಾನಿ ಗಂಜಿ ಮಗುಚುತ್ತಿದ್ದ ಕೋಲು ಹಿಡಿದೇ ಓಡಿ ಬಂದಳು. ನಾನು ತಲುಪಿದಾಗ ನ್ಯಾನಿಸಿ ಗಾಡಿಯ ಹಿಡಿಗೆ ಜೋತುಬಿದ್ದು, ಕೂರಲೂ ಆಗದೆ ನಿಲ್ಲಲೂ ಆಗದೆ, ಉಸಿರನ್ನು ಚೂರುಚೂರಾಗಿ ಎಳೆದುಕೊಳ್ಳುತ್ತಿದ್ದಳು.

ಆಸ್ಪತ್ರೆಗೆ ಅವಳ ಜೊತೆ ಹೋದವಳು ನಾನು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇ ನೋಡಿ ಮೆತ್ತಗೆ ಹೇಳಿದಳು: "ಅಜ್ಜಿ, ಇವತ್ತು ಮುರಿದಿರೋದು ಬೆನ್ನಿನ ಒಂದು ಎಲುಬು. ಆದರೆ ಇಲ್ಲಿ ಮೊದಲೇ ಕುಸಿದು ಕೂತಿರೋವು ಇನ್ನೂ ಇವೆ. ನಿಮಗೆ ಗೊತ್ತೇ ಆಗಿಲ್ಲ. ಮೂಳೆ ಒಳಗೊಳಗೇ ಟೊಳ್ಳಾಗಿದೆ."

"ಚೆಂಡಾಟದಿಂದಾನಾ? ಗೋಲು ಕಾಯೋವಾಗ ಎಗರಿ ಬೀಳ್ತಿದ್ದೆ" ಎಂದಳು ನ್ಯಾನಿಸಿ.

"ಅಲ್ಲ. ವಯಸ್ಸಿಂದ. ಹಾಗೆ ಎಗರಿ ಬೀಳೋದು ನಿಮ್ಮ ಮೂಳೆಗೆ ಒಳ್ಳೇದಲ್ಲ, ಅದು ನಿಜ. ಆದರೆ ನಡೆದಾಡಿದ್ದು, ಆಡಿದ್ದು, ಅದರಿಂದ್ಲೇ ನಿಮ್ಮ ಕಾಲಲ್ಲಿ ಇನ್ನೂ ಶಕ್ತಿ ಇದೆ. ನೋವು ಕಮ್ಮಿ ಆದಮೇಲೆ ಮತ್ತೆ ನಡೀಬೇಕು. ಮಲಗಿಬಿಡಬೇಡಿ."

ಪ್ಲಾಟಿನಂ ಗಣಿಯಿಂದ ಖಜಮುಲಾ ರಜೆ ಹಾಕಿ ಬಂದ. ಒಳ್ಳೆಯ ಮಗ. ತಾಯಿಗೆ ಹೊಸ ಹಾಸಿಗೆ ತಂದ, ನೀರಿನ ತೊಟ್ಟಿ ಕೂರಿಸಿದ. ಡಾಕ್ಟರು ಹೇಳಿದ್ದನ್ನು ನ್ಯಾನಿಸಿ, ನಾನು ಇಬ್ಬರೂ ಹೇಳಿದೆವು. ಅವನ ಕಿವಿಗೆ ಇಳಿಯಲಿಲ್ಲ.

"ಅವ್ವಾ, ನಿನ್ನ ವಯಸ್ಸಿನೋರು ಮಣ್ಣಲ್ಲಿ ಬಿದ್ದು ಹೊರಳಿದ್ರೆ ಇನ್ನೇನಾಗುತ್ತೆ?"

"ನೀರಿನ ಕ್ಯಾನು ಕಣಪ್ಪ. ಕ್ಯಾನು ಎತ್ತಿದ್ದು."

"ಕ್ಯಾನು ಎಲ್ಲರೂ ಎತ್ತುತ್ತಾರೆ. ಗೋಲು ಕಾಯೋಳು ನೀನೊಬ್ಬಳೇ."

ಅವನು ಯಾರ ಮೇಲೂ ಕೂಗಾಡಲಿಲ್ಲ. ಹಿಂತಿರುಗುವ ಮೊದಲು ಒಂದೊಂದೇ ಮನೆಗೆ ಹೋಗಿ, ನಿಮ್ಮಮ್ಮನನ್ನಾದರೂ ನೋಡಿಕೊಳ್ಳಿ ಎಂದು ಕೈಮುಗಿದು ಹೇಳಿ ಹೋದ. ಅಷ್ಟು ಸಾಕಾಯಿತು. ಪಾದ್ರಿ ತನ್ನ ತಾಯಿಗೆ ಆಟ ಬಿಡಿಸಿದ. ಆಟಕ್ಕೆಂದು ಆಮೇಲೆ ಕೊಂಡಿದ್ದ ನನ್ನ ಬೂಟುಗಳನ್ನು ನನ್ನ ಮಗಳು ಯಾರಿಗೋ ಕೊಟ್ಟಳು. ಕೆಲವು ಮಂಗಳವಾರ ನಾಲ್ಕೈದು ಜನ ಹೋದೆವು. ಗೋಲಿನಲ್ಲಿ ನಿಲ್ಲುವವರು ಯಾರೂ ಇರಲಿಲ್ಲ. ಆಮೇಲೆ ಸಿಸ್ಟರ್ ರಿಖೋತ್ಸೊಗೆ ಬೇರೆ ಊರಿಗೆ ವರ್ಗವಾಯಿತು. ಕಂಬಗಳನ್ನು ಯಾರೋ ಮೇಕೆಗಳ ಕೊಟ್ಟಿಗೆಗೆಂದು ಕಿತ್ತುಕೊಂಡು ಹೋದರು.

ಮಳೆಗಾಲ ಕಳೆಯುವ ಹೊತ್ತಿಗೆ ನ್ಯಾನಿಸಿ ಎರಡು ಕೋಲೂರಿ ಎದ್ದಳು. ಬೆನ್ನು ಕುಡುಗೋಲಿನಂತೆ ಬಾಗಿತ್ತು. ಡಾಕ್ಟರು ಮಾತ್ರೆ ಕೊಟ್ಟಿದ್ದರು, ಸೊಂಟಕ್ಕೆ ಪಟ್ಟಿ ಕೊಟ್ಟಿದ್ದರು. ಕುಸಿದ ಎಲುಬನ್ನು ಎತ್ತಿ ನಿಲ್ಲಿಸುವುದು ಅವರಿಂದಲೂ ಆಗದು. ಅವಳು ಮೊದಲು ಹೋದದ್ದು ಹ್ಲೆಕಾನಿಯ ಮನೆಗೆ. ನಾನು ಜೊತೆಗಿದ್ದೆ. ಹ್ಲೆಕಾನಿ ಮರದ ಕೆಳಗೆ ಕಾಲು ಚಾಚಿ ಕಡಲೆಕಾಯಿ ಬಿಡಿಸುತ್ತಿದ್ದಳು.

"ಏಳೇ, ನಡಿ ಮೈದಾನಕ್ಕೆ" ಎಂದಳು ನ್ಯಾನಿಸಿ. "ನಾನು ಆಡೋಕಾಗಲ್ಲ. ನೀವು ಆಡಿ, ಕೂತು ನೋಡ್ತೀನಿ."

"ಮಗಳು ಬಿಡಲ್ಲ ಕಣೆ."

"ಯಾವತ್ತಿಂದ ನೀನು ಮಗಳ ಮಾತು ಕೇಳೋಳಾದೆ?"

ಹ್ಲೆಕಾನಿ ಸಿಪ್ಪೆಗಳನ್ನು ಮಡಿಲಿನಿಂದ ಕೊಡವಿದಳು. ಆಮೇಲೆ, "ಅವತ್ತು ನೀನು ಕೂಗಿದ್ದು ಕೇಳ್ದೆ ನಾನು. ಹೆರಿಗೇಲೂ ನೀನು ಹಾಗೆ ಕೂಗಿರಲಿಲ್ಲ. ನನಗೆ ಭಯ ಕಣೆ. ಮಗಳು ಬಿಟ್ರೂ ನಾನು ಬರಲ್ಲ" ಎಂದಳು.

ನ್ಯಾನಿಸಿ ಮನೆಯ ಕಡೆ ತಿರುಗಿದಳು. ದಾರಿಯಲ್ಲಿ ನಿಂತು, ಕೋಲುಗಳ ಮೇಲೆ ಭಾರ ಬಿಟ್ಟು, "ಅವತ್ತು ನಾನು ಬಾಯಿಗೆ ಬಟ್ಟೆ ತುರುಕಿಕೊಂಡಿದ್ರೆ ಚೆನ್ನಾಗಿತ್ತು, ಅಲ್ವೇನೇ?" ಎಂದು ನನ್ನನ್ನು ಕೇಳಿದಳು. ಮುಖ ಕೆಳಗಿತ್ತು. ಅತ್ತಳೋ ಇಲ್ಲವೋ ನನಗೆ ಕಾಣಲಿಲ್ಲ.

ಹ್ಲೆಕಾನಿ ಚಾಪೆ ಬಿಟ್ಟು ಏಳುವುದು ಕಡಿಮೆಯಾಯಿತು. ಮಗಳು ಪ್ರೀತಿಯಿಂದಲೇ ನೋಡಿಕೊಂಡಳು. ತಟ್ಟೆ ಕೈಗೆ, ನೀರು ಬಾಯಿಗೆ. ಎರಡು ಚಳಿಗಾಲ ಕಳೆಯುವುದರೊಳಗೆ ಆ ಓಡುವ ಕಾಲುಗಳು ಕೊಕ್ಕರೆಯ ಕಾಲಾದವು. ಎಬ್ಬಿಸಿ ನಿಲ್ಲಿಸಲು ಇಬ್ಬರು ಬೇಕಾದರು. ಸ್ನಾನದ ಮನೆಯಲ್ಲಿ, ಮಗಳು ಸೋಪು ತರಲು ತಿರುಗಿದಾಗ, ಜಾರಿ ಬಿದ್ದಳು. ಸೊಂಟದ ಕೀಲು ಮುರಿದು ಆಸ್ಪತ್ರೆ ಸೇರಿದವಳು ಎದೆಗೆ ಕಫ ಕಟ್ಟಿ ಅಲ್ಲಿಯೇ ತೀರಿಕೊಂಡಳು.

ಮಣ್ಣು ಮಾಡುವ ದಿನ ಹೆಂಗಸರೆಲ್ಲ ಚಾಪೆಯ ಮೇಲೆ ಕೂತಿದ್ದೆವು. ನ್ಯಾನಿಸಿಗೆ ನೆಲಕ್ಕೆ ಇಳಿಯಲಾಗದು. ಕುರ್ಚಿ ಗಂಡಸರಿಗೆ ಮಾತ್ರ ಎಂಬುದು ನಮ್ಮ ಪದ್ಧತಿ, ಅವರ ಕಡೆಯೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಅವಳನ್ನು ಕೂರಿಸಿದರು. ಆ ನಾಚಿಕೆಯಲ್ಲಿ ಅವಳು ಇನ್ನೂ ಮುದುಡಿದಳು. ತೀರಿಹೋದವಳ ಗೆಳತಿ ಮಾತಾಡಲಿ ಎಂದು ಪಾದ್ರಿ ಕರೆದಾಗ ಎದ್ದು ನಿಲ್ಲಲು ನಾನು ಹೆಗಲು ಕೊಟ್ಟೆ.

"ಒಳ್ಳೆ ತಾಯಿ ಅಂದ್ರಿ, ಒಳ್ಳೆ ಭಕ್ತೆ ಅಂದ್ರಿ" ಎಂದಳು ನೆಲ ನೋಡುತ್ತ. "ಎಲ್ಲ ಸರಿ. ಆದರೆ ಇವಳು ಓಡ್ತಿದ್ಲು. ಅದನ್ನ ಯಾರೂ ಹೇಳಲಿಲ್ಲ. ಚೆಂಡು ಎಲ್ಲಿ ಬೀಳುತ್ತೆ ಅಂತ ನಾವು ನೋಡೋ ಹೊತ್ತಿಗೆ ಇವಳು ಅಲ್ಲಿರ್ತಿದ್ಲು. ನನ್ನ ಬೆನ್ನು ಮುರಿದದ್ದು ನೀರಿನ ಕ್ಯಾನಿನಿಂದ. ಇಷ್ಟೇ ನಾನು ಹೇಳೋದು."

ಜನ ತಲೆತಗ್ಗಿಸಿದರು. ಖಜಮುಲಾ ಬಂದಿದ್ದ, ತಾಯಿಯನ್ನು ಹಿಡಿದು ಕೂರಿಸಿದವನು ಕೈ ಬಿಡದೆ ಅಲ್ಲೇ ನಿಂತ. ಪಾದ್ರಿ ಹಾಡು ಎತ್ತಿದ.

ನ್ಯಾನಿಸಿ ಈಗಲೂ ಇದ್ದಾಳೆ. ಪಕ್ಕೆಲುಬು ಹೊಟ್ಟೆಯನ್ನು ಒತ್ತುತ್ತದೆಂದು ಎರಡು ತುತ್ತಿಗೆ ಗಂಜಿ ಸಾಕೆನ್ನುತ್ತಾಳೆ. ಬೆಳಿಗ್ಗೆ ನಾನು ಹೋಗಿ ಅವಳನ್ನು ಗೇಟಿನವರೆಗೆ ನಡೆಸುತ್ತಿದ್ದೆ. ದಾರಿಹೋಕರು ನಮಸ್ಕಾರ ಹೇಳಿದರೆ, ತಲೆ ಎತ್ತಲಾಗದ ಅವಳು ಅವರ ಪಾದ ನೋಡಿ ಹೆಸರು ಹೇಳುವಳು. ತಪ್ಪುತ್ತಿದ್ದುದು ಅಪರೂಪ. ಈ ಚಳಿಗೆ ಗೇಟೂ ದೂರವಾಗಿದೆ, ಹೊಸ್ತಿಲಿನವರೆಗೆ ಮಾತ್ರ ಬರುತ್ತಾಳೆ.

ನಿನ್ನೆ ಅಲ್ಲಿ ನಿಂತು, "ಮೋಡ ಏನಾದ್ರೂ ಇದೆಯೇನೇ?" ಎಂದು ಕೇಳಿದಳು.

"ಇಲ್ಲ ಅಕ್ಕ. ಬರೀ ಬಿಸಿಲು."

"ಸರಿಯಾಗಿ ನೋಡಿ ಹೇಳು. ನೀನು ನೋಡಬಲ್ಲೆಯಲ್ಲ" ಎಂದಳು.

ನಾನು ಕತ್ತೆತ್ತಿ ಇನ್ನೊಮ್ಮೆ ನೋಡಿದೆ. ಪೂರ್ವದ ಬೆಟ್ಟದ ಮೇಲೆ ತೆಳ್ಳಗೆ ಒಂದು ಬಿಳಿಯ ಎಳೆ ಇತ್ತು. ಹೇಳಿದೆ. ಅವಳು ಹೂಂ ಎಂದು, ಒಳಗೆ ಹೋಗಲು ನನ್ನ ಹೆಗಲಿಗಾಗಿ ಕೈ ಚಾಚಿದಳು.