ಹಿಟ್ಟು ಮೆತ್ತಿದ ಚೀಲ

ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ಮೀನಿಗೆ ತಿನ್ನಿಸುತ್ತೇವೆ. ಮಾವನವರು ತೀರಿಕೊಂಡಾಗಿನಿಂದ ಪ್ರತಿ ಅಮಾವಾಸ್ಯೆ ಅತ್ತೆ ಗೋಧಿಹಿಟ್ಟು ಕಲಸಿ ಗೋಲಿಯಷ್ಟು ಸಣ್ಣ ಉಂಡೆ ಕಟ್ಟುತ್ತಾರೆ. ನಾನು ಅವನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಅವರನ್ನು ಸ್ಕೂಟಿಯ ಹಿಂದೆ ಕೂಡಿಸಿಕೊಂಡು ಕೃಷ್ಣಾ ಹೊಳೆಯ ಘಾಟಿಗೆ ಹೋಗುತ್ತೇನೆ. ಉಂಡೆ ಮುಗಿದ ಮೇಲೆ ಚೀಲವನ್ನೂ ನೀರಿಗೇ ಬಿಡಬೇಕು. ಸತ್ತವರ ಹೆಸರಿನಲ್ಲಿ ಹೊರಟ ಹಿಟ್ಟು ಚೂರೂ ಮನೆಗೆ ಮರಳಬಾರದು. ಮರಳಿದರೆ ಮಾವನವರು ಹಸಿದೇ ಉಳಿಯುತ್ತಾರೆ ಎಂಬುದು ಅತ್ತೆಯ ನಂಬಿಕೆ. ಏಳು ವರ್ಷ ಆ ಚೀಲಗಳನ್ನು ಬಿಟ್ಟ ಕೈ ನನ್ನದೇ.

ಈ ಬೇಸಿಗೆಯ ಒಂದು ಅಮಾವಾಸ್ಯೆ ಘಾಟಿನ ಕೆಳಗಿನ ಮೆಟ್ಟಿಲ ಮೇಲೆ ಮ್ಹೈಸಾಳ ಕಡೆಯ ಹೆಂಗಸೊಬ್ಬಳು, ಗಂಡ ಬಲೆ ಹಾಕಿ ಹಿಡಿದ ಮೀನುಗಳನ್ನು ಸೀಳುತ್ತ ಕೂತಿದ್ದಳು. ನನ್ನ ಸೆರಗು ಮೂಗಿಗೆ ಹೋದದ್ದನ್ನು ಅವಳು ನೋಡಿದಳು.

"ವಾಸನಿ ಬರ್ತೇತೇನ್ರಿ ಅಕ್ಕಾರ? ಬರ್ಲಿ. ಇಲ್ಲಿ ಸ್ವಲ್ಪ ನೋಡ್ರಿ."

ಅವಳ ಅಂಗೈಯಲ್ಲಿ ಮೀನಿನ ಕರುಳಿತ್ತು, ಬೆರಳಿನಷ್ಟು ಉಬ್ಬಿದ್ದು. ಉಗುರಿನಿಂದ ಸೀಳಿದಳು. ಒಳಗಿನಿಂದ ಮುದುಡಿದ ಬಿಳಿ ಪೊರೆಯಂಥದ್ದು ಹೊರಬಂತು. ನೀರಿನಲ್ಲಿ ಅಲ್ಲಾಡಿಸಿದಾಗ ಬಿಚ್ಚಿಕೊಂಡಿತು: ಚೀಲದ ತುಂಡು.

"ಹೊಟ್ಟಿ ತುಂಬೇತಿ, ಮೈಯಾಗ ಮಾಂಸ ಇಲ್ಲ. ಗಿರಾಕಿ ಮುಟ್ಟಿ ನೋಡಿ ಇಟ್ಟು ಹೋಗ್ತಾರ."

"ತಿನಬಾರದ್ದು ಅಂತ ಮೀನಕ್ಕ ತಿಳಿಯೂದಿಲ್ಲೇನು?" ಅತ್ತೆ ಮೇಲಿನ ಮೆಟ್ಟಿಲಿನಿಂದಲೇ ಕೇಳಿದರು.

"ತಿಳೀತೇತ್ರಿ ಆಯಿ. ಬರೇ ಚೀಲಾ ಆದ್ರ ಎಷ್ಟೋ ಸಲ ಉಗುಳ್ತಾವು. ನಿಮ್ಮ ಚೀಲಕ್ಕ ಹಿಟ್ಟು ಮೆತ್ತಿರ್ತೇತಲ್ಲ, ಅದನ್ನ ಉಗುಳಂಗಿಲ್ಲ. ನಿಮ್ಮ ಪುಣ್ಯಾ ಬಾಳ ರುಚಿ ಐತಿ."

ಪೊರೆ ಅಂಟಿದ್ದ ಕಡೆ ಕರುಳು ಕೆಂಪಗೆ ಸುಲಿದಿತ್ತು, ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿಯ ಹಾಗೆ. ಚೀಲ ಕಣ್ಣಿಗೆ ಕಾಣದಷ್ಟು ಪುಡಿಯಾದರೂ ಕರುಳಿನ ಒಳಪದರವನ್ನು ಕೆಡಿಸಬಲ್ಲದು, ಅರಗಿಸಲು ನೆರವಾಗುವ ಒಳ್ಳೆಯ ಸೂಕ್ಷ್ಮಜೀವಿಗಳ ಜಾಗದಲ್ಲಿ ಕೆಟ್ಟವು ಬೆಳೆಯಬಹುದು ಎಂದು ಆಮೇಲೆ ಓದಿದೆ. ಮನೆಯಲ್ಲಿ ಯಾರದೇ ಹೊಟ್ಟೆ ಕೆಟ್ಟರೂ ಮಜ್ಜಿಗೆ ಅನ್ನ ಕಲಸಿಕೊಡುವವಳು ನಾನು. ಹೊಳೆಯ ಹೊಟ್ಟೆಗೆ ಏನು ಕಲಸಿಕೊಟ್ಟೆ?

ನಮ್ಮ ಉಂಡೆ ಅಷ್ಟರಲ್ಲಿ ಮುಗಿದಿದ್ದವು. "ಬಿಡು ಚೀಲಾ," ಎಂದರು ಅತ್ತೆ.

ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಮೈಗೆ ಹತ್ತಿಬಿಟ್ಟಿದೆ. ಏರಿಸಲಿಲ್ಲ. ಚೀಲವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟೆ.

"ಮನಿಗೆ ಒಯ್ತೀಯೇನು ಅದನ್ನ? ಅವರ ಪಾಲಿಂದು ಅದು."

"ಮಾವಾರು ಪ್ಲಾಸ್ಟಿಕ್ ತಿಂತಿದ್ರೇನ್ರಿ ಅತ್ತಿ?"

ಸ್ಕೂಟಿಯ ಮೇಲೆ ಯಾವಾಗಲೂ ನನ್ನ ಭುಜ ಹಿಡಿಯುವವರು ಅವತ್ತು ಹಿಂದಿನ ಕಂಬಿ ಹಿಡಿದರು. ಮನೆಯಲ್ಲಿ ತಾಟು ಸರಿಸಿ, "ಅವರು ಉಪವಾಸ ಅದಾರ, ನಾ ಹೆಂಗ ಉಣ್ಣಲಿ?" ಎಂದರು. ತಾಟನ್ನು ಮತ್ತೆ ಅವರ ಮುಂದಕ್ಕೆ ಸರಿಸಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಫ್ರಿಜ್ಜಿನ ಹಿಂದೆ ನಾನೇ ಒಪ್ಪವಾಗಿ ಮಡಚಿ ಸಿಕ್ಕಿಸಿದ್ದ ಚೀಲಗಳನ್ನೆಲ್ಲ ಎಳೆದು ಕಸದ ಗಾಡಿಗೆ ಹಾಕಿದೆ. ಆ ಗಾಡಿ ಅವನ್ನು ಎಲ್ಲಿ ಸುರಿಯುತ್ತದೆಂದು ನನಗೆ ಗೊತ್ತಿಲ್ಲ. ಅದಕ್ಕೂ ಸಿಟ್ಟು ಬಂತು.

ಮುಂದಿನ ಅಮಾವಾಸ್ಯೆ ಅತ್ತೆ ಫ್ರಿಜ್ಜಿನ ಹಿಂದೆ ಕೈಯಾಡಿಸಿ ಏನೂ ಸಿಗದೆ, ನಾನಿಟ್ಟ ಹಿತ್ತಾಳೆ ಡಬ್ಬಿಯಲ್ಲೇ ಉಂಡೆ ತುಂಬಿದರು. ಘಾಟಿನಲ್ಲಿ ಡಬ್ಬಿಯನ್ನು ಮೂರು ಸಲ ಮುಳುಗಿಸಿ ಅಂಚಿನ ಸುತ್ತ ಬೆರಳಾಡಿಸಿದರು. "ಚೂರೂ ಉಳದಿಲ್ಲ," ಎಂದರು, ನನಗಲ್ಲ, ಹೊಳೆಗೆ.

ಅಷ್ಟರಲ್ಲಿ ಮೇಲಿನಿಂದ ಯಾರದೋ ಚೀಲ ತೇಲಿಬಂತು, ಒಳಗೆ ಹಿಟ್ಟು ಮೆತ್ತಿಕೊಂಡಿದ್ದು. ನಮ್ಮ ಉಂಡೆಗೆ ಕೂಡಿದ್ದ ಮೀನುಗಳು ಅತ್ತ ತಿರುಗಿದವು. ಅತ್ತೆ ಸೀರೆ ಎತ್ತಿ ಮೊಳಕಾಲುದ್ದ ನೀರಿಗಿಳಿದು ಅದನ್ನು ಹಿಡಿದರು.

"ಇಡು ಪರ್ಸಿನಾಗ," ಎಂದು ನನ್ನ ಕಡೆ ಚಾಚಿದರು. "ಯಾರ ಪಾಲಿಂದೋ ಏನೋ."

ಆಚೆ ದಡದ ಹತ್ತಿರ ಇನ್ನೂ ಎರಡು ಚೀಲ ತೇಲಿಹೋಗುತ್ತಿದ್ದವು. ಅಲ್ಲಿಗೆ ನಮ್ಮಿಬ್ಬರ ಕೈಯೂ ಮುಟ್ಟುತ್ತಿರಲಿಲ್ಲ.