ಹೆಬ್ಬೆರಳಿನ ತೀರ್ಪು

ನಮ್ಮ ದೊಡ್ಡಪ್ಪನಿಗೆ ದುಬಾರಿ ಸಾಮಾನು ಕಂಡರೆ ಆಗುತ್ತಿರಲಿಲ್ಲ. ಕೊಳ್ಳುವ ಶಕ್ತಿಯಿಲ್ಲ ಎಂದಲ್ಲ. ದುಬಾರಿಯದನ್ನು ಆರಿಸಲು ಬುದ್ಧಿಯೇ ಬೇಕಾಗಿಲ್ಲ ಎಂಬುದು ಅವರ ವಾದ. "ಜಾಸ್ತಿ ಬೆಲೇದು ತಗೋ ಅನ್ನೋಕೆ ನಾನ್ಯಾಕೆ ಬೇಕು? ಬೆಲೆ ಚೀಟಿನೇ ಹೇಳುತ್ತಲ್ಲ" ಎನ್ನುತ್ತಿದ್ದರು. ಅಗ್ಗದ ರಾಶಿಗೆ ಕೈ ಹಾಕಿ ಒಳ್ಳೆಯದನ್ನು ಹೆಕ್ಕುವುದೇ ಅವರ ಪಾಲಿಗೆ ವಿದ್ಯೆ. ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ಜೀವ ಸವೆಸಿ ನಿವೃತ್ತರಾದವರು. ಮನೆ ಮುಂದೆಯೇ ಕಾರು ಬಿಚ್ಚಿ ಜೋಡಿಸುವ ಹುಚ್ಚಿದ್ದವರೆಲ್ಲ ಸಾಮಾನು ಕೊಳ್ಳುವ ಮೊದಲು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ನಾನು ಅವರ ತಮ್ಮನ ಮಗಳು. ನನ್ನದೂ ಒಂದು ಹಳೇ ಡಬ್ಬಾ ಕಾರು ಇರುವುದರಿಂದ, ಚೀಲ ಹಿಡಿದು ಅವರ ಹಿಂದೆ ಅಲೆದವರಲ್ಲಿ ನಾನೇ ಮೊದಲನೆಯವಳು.

ಮೇಲ್ಸೇತುವೆಯ ಕೆಳಗೆ, ಟಾರ್ಪಾಲಿನ ಮೇಲೆ ರಿಪೇರಿ ಸಾಮಾನು ಗುಡ್ಡೆ ಹಾಕಿ ಮಾರುವವರ ಸಾಲು. ದೊಡ್ಡಪ್ಪ ಅಲ್ಲಿ ಕುಕ್ಕರುಗಾಲಲ್ಲಿ ಕೂತರೆ ಅಂಗಡಿಯವನ ಮುಖ ಸಪ್ಪೆಯಾಗುತ್ತಿತ್ತು. ಜೇಬಿನಿಂದ ತಮ್ಮದೇ ಒಂದು ನಟ್ಟು ತೆಗೆದು ಸ್ಪ್ಯಾನರಿನ ಬಾಯಿಗೆ ಕೊಟ್ಟು ಅಲ್ಲಾಡಿಸುವರು. ಸಡಿಲವಿದ್ದರೆ, "ಇದು ಮೊದಲು ನಟ್ಟಿನ ಮೂಲೆ ತಿನ್ನುತ್ತೆ, ಆಮೇಲೆ ನಿನ್ನ ತಲೆ ತಿನ್ನುತ್ತೆ" ಎಂದು ಪಕ್ಕಕ್ಕೆ ಒಗೆಯುವರು. ನಟ್ಟು ಬಿಚ್ಚುವ ಒಂದು ಸಾಕೆಟ್ ಸೆಟ್ಟು ಕೆಂಪು ಡಬ್ಬದಲ್ಲಿ, ಇನ್ನೊಂದು ನೀಲಿ ಡಬ್ಬದಲ್ಲಿ, ಬೆಲೆ ಮಾತ್ರ ಒಂದಕ್ಕೆರಡು. ಎರಡನ್ನೂ ತೂಗಿ ನೋಡಿ, "ಅಳಿಯ ಅಲ್ಲ, ಮಗಳ ಗಂಡ. ಕಮ್ಮೀದೇ ಕೊಡಪ್ಪ" ಎನ್ನುವರು. ಎಣ್ಣೆ ಹಿಡಿಯುವ ತಟ್ಟೆ, ಟಾರ್ಚು, ಸುತ್ತಿಗೆ ಇವುಗಳಿಗೆಲ್ಲ ಅವರು ತಲೆ ಕೆಡಿಸಿಕೊಂಡವರೇ ಅಲ್ಲ. ಮುರಿದರೆ ಬೈದುಕೊಂಡು ಇನ್ನೊಂದು ತಂದರಾಯಿತು.

ಸ್ಟ್ಯಾಂಡಿನ ವಿಷಯ ಮಾತ್ರ ಬೇರೆ. ಜಾಕಿನಿಂದ ಎತ್ತಿದ ಕಾರು ಕೂರುವುದು ಈ ನಾಲ್ಕು ಕಾಲಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಅದರ ಕೆಳಗೆ ಮಲಗುವವನು ಮನುಷ್ಯ. ಕಾಲುಗಳು ನಡುವಿನ ಕೊಳವೆಗೆ ಸೇರುವಲ್ಲಿ ಬೆಸುಗೆ ಇರುತ್ತದೆ. ಅಗ್ಗದವುಗಳಲ್ಲಿ ಆ ಬೆಸುಗೆಯ ಮೇಲೆ ದಪ್ಪಗೆ ಬಣ್ಣ ಬಳಿದಿರುತ್ತಾರೆ. ದೊಡ್ಡಪ್ಪ ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳನ್ನು ಆ ಗೆರೆಯುದ್ದಕ್ಕೂ ಮೆಲ್ಲಗೆ ಆಡಿಸುತ್ತಿದ್ದರು. ಬಣ್ಣದಡಿಯ ಸೂಜಿಮೊನೆಯಷ್ಟು ತೂತು, ಕಬ್ಬಿಣಕ್ಕೆ ಅಂಟದೆ ಮೇಲೆಮೇಲೆ ಕೂತ ಬೆಸುಗೆಯ ಅಂಚು, ಎಲ್ಲವೂ ಆ ಬೆರಳಿಗೆ ಸಿಗುತ್ತಿತ್ತು. "ಬೆಳ್ಳಗಿರೋದೆಲ್ಲ ಹಾಲಲ್ಲ. ಬಣ್ಣ ಕಣ್ಣಿಗೆ ಮೋಸ ಮಾಡ್ಬಹುದು, ಬೆರಳಿಗೆ ಮಾಡಕ್ಕಾಗಲ್ಲ" ಎಂದು ಜಂಬದಿಂದಲೇ ಹೇಳುತ್ತಿದ್ದರು. ಜಂಬಪಡುವುದಕ್ಕೆ ಅವರಿಗೆ ಬೇರೆ ಏನಿತ್ತು, ಹೇಳಿ?

ಕೊನೆಯ ಸಲ ಅವರು ಆ ಸೇತುವೆಯ ಕೆಳಗೆ ಕೂತಾಗ ಆ ಹೆಬ್ಬೆರಳು ಸತ್ತು ತಿಂಗಳುಗಳೇ ಆಗಿದ್ದವು. ಗೊತ್ತಿದ್ದದ್ದು ದೊಡ್ಡಮ್ಮನೊಬ್ಬಳಿಗೆ. ನನಗೆ ಅವಳು ಹೇಳಿದ್ದು ಎಲ್ಲ ಮುಗಿದ ಮೇಲೆ.

ಸಕ್ಕರೆ ಕಾಯಿಲೆ ಮೊದಲು ಪಾದಕ್ಕೆ ಇಳಿಯಿತು. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ರಸ್ತೆಯಲ್ಲೇ ಉಳಿಯುತ್ತಿತ್ತು, ಇವರು ಬರಿಗಾಲಲ್ಲಿ ಮುಂದೆ ಹೋಗುತ್ತಿದ್ದರು. ಮರೆವಿನ ಮುದುಕ ಎಂದು ನಾವು ನಕ್ಕೆವು. ದೊಡ್ಡಮ್ಮ ಚಪ್ಪಲಿ ಎತ್ತಿ ತಂದು ಅವರ ಕಾಲ ಬುಡದಲ್ಲಿಟ್ಟು, "ಹಾಕ್ಕೊಳ್ಳಿ" ಎಂದಷ್ಟೇ ಹೇಳುತ್ತಿದ್ದಳು. ಆಮೇಲೆ ಕೈಗೂ ಬಂತು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಇಳಿಸಿದರು, ಬೊಬ್ಬೆ ಎದ್ದದ್ದು ಸಂಜೆ ಕಾಣಿಸಿತು. ಅಂಗಿಯ ಗುಂಡಿ ಹಾಕುವುದು ದೊಡ್ಡಮ್ಮನ ಕೆಲಸವಾಯಿತು. ಸತ್ತ ನರ ಮತ್ತೆ ಚಿಗುರುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು.

"ಯಾರಿಗೂ ಹೇಳ್ಬೇಡ" ಎಂದು ದೊಡ್ಡಪ್ಪ ಅಪ್ಪಣೆ ಮಾಡಿದರು. ಅವಳು ಹೇಳಲಿಲ್ಲ. ನಮ್ಮ ಮನೆಯಲ್ಲಿ ಮರ್ಯಾದೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು. ಈ ಮರ್ಯಾದೆಗಿಷ್ಟು ಬೆಂಕಿ ಬೀಳ. ಸಾಮಾನು ನೋಡಿಕೊಡಿ ಎಂದು ಬಂದವರಿಗೆ ದೊಡ್ಡಪ್ಪ ಮಂಡಿನೋವು ಎನ್ನತೊಡಗಿದರು. ಹಾಗೆಯೇ ತಪ್ಪಿಸಿಕೊಂಡಿದ್ದರೆ ಆಗುತ್ತಿತ್ತು, ಕರೆಯಲು ಮಗಳೇ ಬಂದಳು.

ಒಬ್ಬಳೇ ಮಗಳು. ನನಗೆ ಅಕ್ಕ. ಭಾವ ತನ್ನ ಕಾರನ್ನೇ ಬಾಡಿಗೆಗೆ ಓಡಿಸುವವನು, ಆ ಸ್ಟಿಯರಿಂಗೇ ಮನೆಗೆ ಅನ್ನ. ಅಡಿಯಲ್ಲಿ ಸೈಲೆನ್ಸರ್ ಪೈಪು ತುಕ್ಕು ತಿಂದು ಜೋತುಬಿದ್ದಿತ್ತು. ಗ್ಯಾರೇಜಿಗೆ ಬಿಟ್ಟರೆ ದುಡಿಮೆ ನಿಲ್ಲುತ್ತದೆಂದು ತಾನೇ ಮಾಡುತ್ತೇನೆ ಎಂದ. ಅದಕ್ಕೊಂದು ಜೊತೆ ಸ್ಟ್ಯಾಂಡು ಬೇಕಿತ್ತು. ದೊಡ್ಡಪ್ಪನ ಮಂಡಿ, ಮಗಳ ಮುಂದೆ ನೋಯಲಿಲ್ಲ. ಎದ್ದು ಹೊರಟರು.

ಸೇತುವೆಯ ಕೆಳಗೆ ನಾವು ನಾಲ್ವರು, ದೊಡ್ಡಪ್ಪ, ಅಕ್ಕ, ಭಾವ, ಚೀಲ ಹಿಡಿದ ನಾನು. ಭಾವ ಎದುರಿನ ಗಾಜಿನ ಅಂಗಡಿಯತ್ತ ಕೈ ತೋರಿಸಿದ. "ಮಾವ, ಸುಮ್ನೆ ಅಲ್ಲೇ ತಗೊಂಡ್ಬಿಡೋಣ. ಜಾಸ್ತಿ ಆದ್ರೂ ನೆಮ್ಮದಿ."

ಅಕ್ಕ ಅವನ ತೋಳಿಗೆ ತಿವಿದಳು. "ಅಪ್ಪನ ಹೆಬ್ಬೆರಳು ಇರುವಾಗ ನಿಮಗ್ಯಾಕ್ರೀ ಆ ಅಂಗಡಿ? ನಾನು ಚಿಕ್ಕೋಳಿದ್ದಾಗಿಂದ ನೋಡ್ತಿದ್ದೀನಿ, ಒಂದು ಸಲಾನೂ ತಪ್ಪಿಲ್ಲ."

ಬೇಡ ಎನ್ನುವುದಕ್ಕೆ ಅದೇ ಸಮಯ. ದುಬಾರಿಯದನ್ನೇ ತಗೊಳ್ಳಿ ಎಂದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ, ಅಕ್ಕನಿಗೆ ಒಂದು ಗಳಿಗೆ ಮುಖ ಸಣ್ಣದಾಗುತ್ತಿತ್ತು, ಅಷ್ಟೆ. ದೊಡ್ಡಪ್ಪ ಕೂತರು. ಕಣ್ಣು ಮುಚ್ಚಿದರು. ಒಂದೊಂದೇ ಸ್ಟ್ಯಾಂಡು ಎತ್ತಿ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಒಂದಕ್ಕೆ ಮೂಗು ಮುರಿದು ಪಕ್ಕಕ್ಕಿಟ್ಟರು. ಇನ್ನೊಂದಕ್ಕೆ "ಥೂ, ಇದೂ ಒಂದು ಬೆಸುಗೆನಾ" ಎಂದು ಅಂಗಡಿಯವನನ್ನು ಗದರಿಸಿದರು. ಕೊನೆಗೆ ಎರಡನ್ನು ಆರಿಸಿ ಭಾವನ ಮುಂದಿಟ್ಟು, "ಇವು ಗಟ್ಟಿ. ತಗೊಳ್ಳಿ" ಎಂದರು. ಬೆರಳಿಗೆ ಏನೇನೂ ತಿಳಿದಿರಲಿಲ್ಲ. ಮೂಗು ಮುರಿದದ್ದು, ಗದರಿಸಿದ್ದು, ಎಲ್ಲವೂ ಅಭ್ಯಾಸಬಲ. ಅಕ್ಕ ಅಂಗಡಿಯವನತ್ತ ತಿರುಗಿ, ನೋಡಿದೆಯಾ ಎಂಬಂತೆ ನಕ್ಕಳು.

ಮನೆಗೆ ಬಂದ ದೊಡ್ಡಪ್ಪ ಊಟಕ್ಕೆ ಕೂತು ಉಣ್ಣದೆ ಎದ್ದರು.

"ನಂಗೇನೂ ಗೊತ್ತಾಗ್ಲಿಲ್ಲ ಕಣೇ" ಎಂದರಂತೆ ದೊಡ್ಡಮ್ಮನಿಗೆ.

"ಫೋನ್ ಮಾಡಿ ಹೇಳಿ."

"ಏನಂತ ಹೇಳ್ಲಿ? ನಾಟಕ ಆಡ್ದೆ ಅಂತಲಾ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ" ಎಂದರು.

ದೊಡ್ಡಮ್ಮನೇ ಒಂದು ದಾರಿ ಹುಡುಕಿದಳು. ಬೆಳಿಗ್ಗೆ ಮಗಳನ್ನು ನೋಡಿ ಬರುವ ನೆಪದಲ್ಲಿ ಹೋಗುವುದು. ಬೇರೆ ಒಳ್ಳೆ ಜೊತೆ ಸಿಕ್ಕಿದೆ, ಇವನ್ನು ವಾಪಸು ಕೊಡೋಣ ಎಂದು ಸ್ಟ್ಯಾಂಡುಗಳನ್ನು ಎತ್ತಿಕೊಂಡು ಬರುವುದು. ಮಾನವೂ ಉಳಿಯುತ್ತದೆ, ಅಳಿಯನೂ ಉಳಿಯುತ್ತಾನೆ. ಇಬ್ಬರೂ ಬೆಳಿಗ್ಗೆಯ ಬಸ್ಸು ಹಿಡಿದರು.

ಭಾವ ಬಿಸಿಲೇರುವ ಮುಂಚೆ ಕೆಲಸ ಮುಗಿಸೋಣವೆಂದು ಬೇಗ ಎದ್ದಿದ್ದ. ಇವರು ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅಕ್ಕನ ಮನೆಯ ಮುಂದೆ ಜನ ಸೇರಿದ್ದರು. ಒಂದು ಸ್ಟ್ಯಾಂಡಿನ ಎರಡು ಕಾಲು ಬೆಸುಗೆಯಲ್ಲೇ ಕಿತ್ತು ಬಂದಿದ್ದವು. ಕಾರು ಭಾವನ ಬಲಗೈ ಮೇಲೆ, ಭುಜದ ತನಕ ಕೂತಿತ್ತು. ಅಕ್ಕಪಕ್ಕದವರು ಕಾರು ಎತ್ತಿ ಅವನನ್ನು ಎಳೆದು ಆಸ್ಪತ್ರೆಗೆ ಒಯ್ದರು. ನಾನು ಆಸ್ಪತ್ರೆ ತಲುಪುವಾಗ ಜೀವಕ್ಕೆ ಅಪಾಯವಿಲ್ಲ, ಕೈ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಸ್ಟಿಯರಿಂಗ್ ಹಿಡಿದು ಮನೆ ಸಾಕುತ್ತಿದ್ದ ಕೈ ಅದು.

ಆಪರೇಷನ್ ಕೋಣೆಯ ಹೊರಗೆ ಉದ್ದನೆಯ ಕಬ್ಬಿಣದ ಬೆಂಚು. ದೊಡ್ಡಪ್ಪ ಆ ಮುರಿದ ಸ್ಟ್ಯಾಂಡನ್ನು ವಾಪಸು ಒಯ್ಯಲೆಂದು ತಂದಿದ್ದ ಚೀಲದಲ್ಲೇ ಹಾಕಿಕೊಂಡು ಬಂದಿದ್ದರು. ಅದನ್ನು ತೊಡೆಯ ಮೇಲಿಟ್ಟು, ಕಿತ್ತ ಬೆಸುಗೆಯ ಮೇಲೆ ಹೆಬ್ಬೆರಳನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದರು. ಅಕ್ಕ ಅತ್ತು ಅತ್ತು ಸುಸ್ತಾಗಿ ನೆಲ ನೋಡುತ್ತ ಕೂತಿದ್ದಳು. ಅವಳಿಗೇ ಮೊದಲು ಕಂಡಿತು, ನೆಲದ ಮೇಲೆ ಒಂದು ಕೆಂಪು ಹನಿ, ಪಕ್ಕದಲ್ಲಿ ಇನ್ನೊಂದು.

"ಅಪ್ಪಾ, ರಕ್ತ!"

ದೊಡ್ಡಪ್ಪ ಬಗ್ಗಿ ನೆಲ ನೋಡಿದರು, ಯಾರದು ಎಂಬಂತೆ. ಅಕ್ಕ ಅವರ ಕೈ ಎಳೆದುಕೊಂಡಳು. ಹೆಬ್ಬೆರಳು ಮೂಳೆ ಕಾಣುವಷ್ಟು ಸೀಳಿತ್ತು.

"ನೋವಾಗ್ತಿಲ್ವಾ ನಿಮಗೆ?"

ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು. ಅಕ್ಕ ಅಮ್ಮನ ಕಡೆ ನೋಡಿದಳು. ದೊಡ್ಡಮ್ಮ ಮುಖ ತಿರುಗಿಸಿದಳು. ಅಷ್ಟು ಸಾಕಾಯಿತು.

"ಯಾವಾಗಿಂದ?"

"ತುಂಬಾ ದಿನ ಆಯ್ತು" ಎಂದಳು ದೊಡ್ಡಮ್ಮ, ಗೋಡೆಗೆ ಹೇಳಿದಂತೆ.

"ಮತ್ತೆ ನಿನ್ನೆ ಗಟ್ಟಿ ಅಂದ್ರಲ್ಲಪ್ಪ. ಅವರು ಆ ಅಂಗಡಿಗೆ ಹೋಗ್ತೀನಿ ಅಂದಾಗ ಹೋಗಿ ಅನ್ನೋಕೆ ಏನಾಗಿತ್ತು?"

"ನೀನು ನೋಡ್ತಾ ನಿಂತಿದ್ದೆಯಲ್ಲಮ್ಮ" ಎಂದರು ದೊಡ್ಡಪ್ಪ.

ಅಕ್ಕ ಕೈಲಿದ್ದ ಕರವಸ್ತ್ರವನ್ನು ಆ ಹೆಬ್ಬೆರಳಿಗೆ ಸುತ್ತಿದಳು. ಗಂಟು ಹಾಕಿದಳು. ಆಮೇಲೆ ಎರಡೂ ಕೈಯಲ್ಲಿ ಅದನ್ನು ಹಿಡಿದು, ಹಲ್ಲು ಕಚ್ಚಿ, ತನ್ನ ಬೆರಳ ಗೆಣ್ಣು ಬಿಳಿಚುವ ತನಕ ಹಿಸುಕಿದಳು. ಅವರಿಗೆ ನೋಯಲಿ ಎಂದೇ ಹಿಸುಕಿದಳು. ದೊಡ್ಡಪ್ಪ ಅವಳ ಮುಖವನ್ನೇ ನೋಡುತ್ತ ಸುಮ್ಮನೆ ಕೂತಿದ್ದರು.