ಬಲಗೆನ್ನೆಯ ಹೀರೊ

ನಮ್ಮ ಅಪಾರ್ಟ್‌ಮೆಂಟಿನ ಕ್ಲಾಸಿಕ್ ಸಿನಿಮಾ ಕ್ಲಬ್ಬಿನವರು ಹಳೆಯ ಚಿತ್ರಗಳನ್ನು ಪ್ರೀತಿಸುವ ರೀತಿ ನೋಡಿದರೆ ನನಗೆ ಆ ಚಿತ್ರಗಳ ಮೇಲೆ ಕನಿಕರ ಹುಟ್ಟುತ್ತದೆ. ತಿಂಗಳಿಗೊಮ್ಮೆ ಶನಿವಾರ ಸಂಜೆ ಲಾನಿನ ಮೇಲೆ ಪರದೆ ಕಟ್ಟುತ್ತಾರೆ. ‘ರೆಟ್ರೊ ಡ್ರೆಸ್ ಕೋಡ್’ ಅಂತೆ. ಚುಕ್ಕೆ ಚುಕ್ಕೆಯ ಸೀರೆ, ಮುಖಕ್ಕಿಂತ ದೊಡ್ಡ ಕೂಲಿಂಗ್ ಗ್ಲಾಸು, ಗಂಡಸರಿಗೆ ಬೆಲ್‌ಬಾಟಂ. ಕಪ್ಪು ಬಿಳುಪಿನ ಕಾಲಕ್ಕೂ ಬೆಲ್‌ಬಾಟಂಗೂ ಏನು ಸಂಬಂಧ ಎಂದು ಕೇಳಿದರೆ, ‘ಚಿಲ್ ಆಂಟಿ, ವೈಬ್ ಮುಖ್ಯ’ ಎನ್ನುತ್ತಾರೆ.

ಕ್ಲಬ್ಬಿನ ಯಜಮಾನ ನಲವತ್ತರ ಆಸುಪಾಸಿನ ಗೃಹಸ್ಥ. ವೈಟ್‌ಫೀಲ್ಡಿನ ಯಾವುದೋ ಕಂಪನಿಗೆ ಪೀಣ್ಯದ ಈ ಮೂಲೆಯಲ್ಲಿ ಕುಳಿತು ಕೆಲಸ ಮಾಡುತ್ತಾನೆ. ಅಲ್ಲಿ ಅವನು ಏನೋ ನನಗೆ ಗೊತ್ತಿಲ್ಲ, ಇಲ್ಲಿ ಮಾತ್ರ ‘ಕ್ಯುರೇಟರ್’. ನಟರ ಹೆಸರು ಅವನ ಬಾಯಲ್ಲಿ ಬರುವುದೇ ಇಲ್ಲ, ಬರೀ ನಿರ್ದೇಶಕರು. ಅವರನ್ನು ‘ಆಟರ್, ಆಟರ್’ ಎನ್ನುತ್ತಾನೆ. ಫ್ರೆಂಚ್ ಶಬ್ದ ಅದು. ಕಾನ್ವೆಂಟಿನಲ್ಲಿ ನಮಗೆ ಫ್ರೆಂಚ್ ಕಲಿಸಿದ ಸಿಸ್ಟರ್ ಈ ಉಚ್ಚಾರಣೆ ಕೇಳಿದ್ದರೆ ಇವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಇಷ್ಟೆಲ್ಲ ಅಸಡ್ಡೆ ಇದ್ದೂ ಆ ಕ್ಲಬ್ಬಿಗೆ ಯಾಕೆ ಹೋಗುತ್ತೀರಿ ಎಂದು ನೀವು ಕೇಳಬಹುದು. ಈ ಸಲ ಅವರು ಆರಿಸಿದ್ದು ನನ್ನ ಚಿತ್ರ. ಹಾಗೆಂದರೆ ನಾನು ಮಾಡಿದ ಚಿತ್ರವಲ್ಲ, ನನ್ನನ್ನು ಮಾಡಿದ ಚಿತ್ರ. ಅದರಲ್ಲಿ ಹೀರೊ ಒಬ್ಬ ಕಮ್ಮಾರ. ಕುಲುಮೆಯ ಕಿಡಿ ಸಿಡಿದು ಅವನ ಕೆನ್ನೆ ಸುಡುತ್ತದೆ, ಹೀರೊಯಿನ್ ಮಾತಿಲ್ಲದೆ ಅದಕ್ಕೆ ಬೆಣ್ಣೆ ಹಚ್ಚುತ್ತಾಳೆ. ಅಷ್ಟೇ. ಮುಟ್ಟುವುದು ಎಂದರೆ ಏನೆಂದು ನನಗೆ ಗೊತ್ತಾಗಿದ್ದು ಆ ಬೆಣ್ಣೆಯಿಂದ. ಮಾರನೆಯ ಸೋಮವಾರ ನಾವು ಹುಡುಗಿಯರೆಲ್ಲ ಬಲಗೆನ್ನೆಗೆ ಕಾಡಿಗೆ ಬಳಿದುಕೊಂಡು ಸ್ಕೂಲಿಗೆ ಹೋಗಿ, ಅಸೆಂಬ್ಲಿಯಿಂದ ನೇರವಾಗಿ ನಲ್ಲಿಯ ಬಳಿಗೆ ಅಟ್ಟಿಸಿಕೊಂಡೆವು.

ಬಿಡುಗಡೆಯಾದ ಕಾಲದಲ್ಲಿ ಅದನ್ನು ನೋಡಿದವಳು ಇಡೀ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ. ಚಿತ್ರಕ್ಕೆ ಮೊದಲು ನಾಲ್ಕು ಮಾತು ನೀವೇ ಆಡಬೇಕು ಎಂದು ಕ್ಯುರೇಟರೇ ಬಂದು ಕೇಳಿದ್ದ. ನನಗೆ ಹೇಗಾಯಿತೆಂದು ಬರೆಯಲು ನಾಚಿಕೆ. ನನ್ನ ಮಾತನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು! ಕನ್ನಡಿಯ ಮುಂದೆ ನಿಂತು ಪ್ರಾಕ್ಟೀಸ್ ಮಾಡಿದೆ. ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಉತ್ಸಾಹದಿಂದ ಆ ಬಲಗೆನ್ನೆಯ ಕಥೆಯನ್ನೂ ಬರೆದುಬಿಟ್ಟೆ.

ಸ್ವಲ್ಪ ಹೊತ್ತಿಗೆ ಕ್ಯುರೇಟರ್ ಚಿತ್ರದ ಒಂದು ಸ್ಟಿಲ್ ಹಾಕಿದ, ಸುಟ್ಟ ಗುರುತಿಗೆ ಕೆಂಪು ವೃತ್ತ ಎಳೆದು. ಎಡಗೆನ್ನೆ. ‘ಸಾರಿ ಆಂಟಿ, ಮೆಮೊರಿ ಈಸ್ ಎ ಟ್ರಿಕಿ ಥಿಂಗ್’ ಎಂದು ಕೆಳಗೆ ಬರೆದಿದ್ದ. ಅದಕ್ಕೆ ಏಳೆಂಟು ಜನ ನಗುವ ಮುಖ ಒತ್ತಿದರು. ಸಂಜೆ ಲಿಫ್ಟಿನಲ್ಲಿ ಸಿಕ್ಕಾಗ ಬಹಳ ಮೃದುವಾಗಿ, ‘ಇಂಟ್ರೊ ನಾನೇ ಮಾಡ್ತೀನಿ ಬಿಡಿ ಆಂಟಿ, ನಿಮಗ್ಯಾಕೆ ಸ್ಟ್ರೆಸ್ಸು’ ಎಂದ. ಮೃದುತನ ಇಷ್ಟು ಅಸಹ್ಯವಾಗಿರಬಹುದೆಂದು ನನಗೆ ತಿಳಿದಿರಲಿಲ್ಲ.

ಬಾಗಲಗುಂಟೆಯಲ್ಲಿರುವ ನನ್ನ ಗೆಳತಿಗೆ ಫೋನ್ ಮಾಡಿದೆ. ಇಬ್ಬರೂ ಬೆಳೆದದ್ದು ಒಂದೇ ಫ್ಯಾಕ್ಟರಿ ಕಾಲೊನಿಯಲ್ಲಿ, ನಮ್ಮಿಬ್ಬರ ಅಪ್ಪಂದಿರದೂ ಒಂದೇ ಶಿಫ್ಟು. ಆ ಕಮ್ಮಾರನಿಗೆ ಸುಟ್ಟಿದ್ದು ಯಾವ ಕೆನ್ನೆ ಎಂದು ಕೇಳಿದೆ.

‘ಬಲಗೆನ್ನೆ ಕಣೇ’ ಎಂದಳು ತಡವರಿಸದೆ. ‘ಎಡ ಅಂದೋನು ಯಾವನೇ ಅವ್ನು?’

ಸ್ಟಿಲ್ಲಿನ ವಿಷಯ ಹೇಳಿದೆ. ಆ ಕಡೆ ಕೂಗುತ್ತಿದ್ದ ಕುಕ್ಕರನ್ನು ಆರಿಸಿ ಬಂದಳು. ಆಮೇಲೆ ನಗತೊಡಗಿದಳು, ಕೆಮ್ಮು ಬರುವಷ್ಟು. ‘ಅಯ್ಯೋ ಪೆದ್ದಿ, ನಾವು ಗೋಲಿನ ಹಿಂದೆ ಕೂತ್ಕೋತಿದ್ವಲ್ಲೇ. ತಿರುಗಾಮುರುಗಾ ನೋಡಿದ್ದು ಕಣೇ ನಾವು.’

ಕಾಲೊನಿಯ ಸಿನಿಮಾ ಫುಟ್‌ಬಾಲ್ ಮೈದಾನದಲ್ಲಿ ನಡೆಯುತ್ತಿತ್ತು. ಗೋಲಿನ ಕಂಬಗಳಿಗೆ ಬಿಳಿಯ ಬಟ್ಟೆ ಕಟ್ಟುತ್ತಿದ್ದರು. ಮೈದಾನದ ಕಡೆ ಪ್ರೊಜೆಕ್ಟರು ಮತ್ತು ಗಂಡಸರು, ಗೋಲಿನ ಹಿಂದೆ ಹೆಂಗಸರು ಮಕ್ಕಳು. ನಮ್ಮ ಕಡೆಗೂ ಚಿತ್ರ ಚೆನ್ನಾಗಿ ಮೂಡಲೆಂದು ಬಟ್ಟೆಗೆ ನೀರು ಚಿಮುಕಿಸುತ್ತಿದ್ದರು. ಟೈಟಲುಗಳೆಲ್ಲ ಕನ್ನಡಿಯೊಳಗಿನ ಅಕ್ಷರಗಳ ಹಾಗೆ ಕಾಣುತ್ತಿದ್ದವು. ಅದು ನಮಗೆ ಗೊತ್ತೇ ಇತ್ತು, ನಾವು ಉಲ್ಟಾ ಶುಭಂ ಅನ್ನು ಸಲೀಸಾಗಿ ಓದುತ್ತಿದ್ದವರು. ಆದರೆ ಅಕ್ಷರ ತಿರುಗಿದರೆ ಕಾಣುತ್ತದೆ, ಮುಖ ತಿರುಗಿದರೆ ಯಾರಿಗೆ ಕಾಣುತ್ತದೆ? ಮುಖವನ್ನು ಎಡದಿಂದ ಬಲಕ್ಕೆ ಓದಬೇಕೆಂದು ಯಾವ ಸಿಸ್ಟರೂ ನಮಗೆ ಕಲಿಸಿರಲಿಲ್ಲ. ಆ ಚಿತ್ರವನ್ನು ಮತ್ತೆ ಯಾವ ಟಾಕೀಸಿನಲ್ಲೂ ನೋಡುವ ಯೋಗ ನಮಗೆ ಬರಲಿಲ್ಲ. ಹಾಗಾಗಿ ಕಾಲೊನಿಯ ಅಷ್ಟೂ ಹೆಂಗಸರ ಹೀರೊ ಬಲಗೆನ್ನೆ ಸುಟ್ಟುಕೊಂಡವನಾಗಿಯೇ ಉಳಿದ.

ನನ್ನ ಮಾನ ಉಳಿಯಿತೆಂದು ಮಾರನೆಯ ದಿನವೇ ಕ್ಯುರೇಟರನಿಗೆ ಇದನ್ನೆಲ್ಲ ಹೇಳಿದೆ. ಅವನ ಕಣ್ಣು ಅರಳಿದವು. ಆದರೆ ನನ್ನನ್ನು ನೋಡಿ ಅಲ್ಲ.

‘ಆಂಟಿ, ಇದು ಗೋಲ್ಡ್. ಫೀಮೇಲ್ ಗೇಝ್, ಲಿಟರಲಿ. ನನ್ನ ಇಂಟ್ರೊದಲ್ಲಿ ಹಾಕ್ಕೊಳ್ಳಲಾ?’

‘ಹಾಕ್ಕೊಳ್ಳೋಕೆ ಅದೇನು ಉಪ್ಪೇನಪ್ಪಾ? ನೋಡಿದೋಳು ನಾನು, ನಾನೇ ಹೇಳ್ತೀನಿ.’

ತಲೆ ಕೆರೆದುಕೊಂಡ. ಕೊನೆಗೆ ಅವನ ಮಾತು ಮುಗಿದ ಮೇಲೆ ನನಗೂ ಮೈಕು ಕೊಡುವುದೆಂದು ಒಪ್ಪಂದವಾಯಿತು.

ಶನಿವಾರ ನಾನು ನನ್ನ ಮೈಸೂರು ಸಿಲ್ಕ್ ಉಟ್ಟೆ. ಅದು ಯಾವ ಡ್ರೆಸ್ ಕೋಡಿಗಾಗಿಯೂ ಅಲ್ಲ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೆ. ಕ್ಯುರೇಟರ್ ಮಾತು ಶುರು ಮಾಡಿದ. ನೆರಳು, ಬೆಳಕು, ಆಟರ್. ಜನ ಪಾಪ್‌ಕಾರ್ನ್ ಮುಗಿಸಿ ಇನ್ನೊಂದು ತಂದುಕೊಂಡರು. ಆಮೇಲೆ ದನಿ ತಗ್ಗಿಸಿ, ನನ್ನ ಕಡೆ ಕೈ ತೋರಿಸಿ, ಆ ಕಾಲದಲ್ಲಿ ಹೆಂಗಸರನ್ನು ಬಲವಂತವಾಗಿ ಪರದೆಯ ಹಿಂದೆ ಕೂರಿಸುತ್ತಿದ್ದರು, ಪಾಪ, ಅವರಿಗೆ ದಕ್ಕಿದ್ದು ತಿರುಚಿದ ಸಿನಿಮಾ ಎಂದ. ಲಾನಿನ ತುಂಬ ‘ಓ’ ಎಂಬ ನಿಟ್ಟುಸಿರು. ಯಾರೋ ನನ್ನ ಭುಜ ಸವರಿದರು.

ಯಾವ ಬಲವಂತ? ಗೋಲಿನ ಹಿಂದೆ ಹುಲ್ಲಿತ್ತು, ಗಾಳಿ ಇತ್ತು. ಬೀಡಿಯ ಹೊಗೆ ಇರಲಿಲ್ಲ, ಪ್ರೊಜೆಕ್ಟರಿನ ಗಿರಗಿರ ಇರಲಿಲ್ಲ, ಅಪ್ಪಂದಿರ ಕಣ್ಣಿರಲಿಲ್ಲ. ಅಳಬೇಕೆನಿಸಿದಾಗ ಅಮ್ಮಂದಿರು ಅಲ್ಲಿ ಧಾರಾಳವಾಗಿ ಅಳುತ್ತಿದ್ದರು. ಇದನ್ನೇ ಹೇಳಲು ನಾನು ಎದ್ದು ನಿಂತೆ, ಸೆರಗು ಸರಿಪಡಿಸಿಕೊಂಡೆ. ಕ್ಯುರೇಟರ್ ಗಡಿಯಾರ ನೋಡಿ, ‘ಟೈಮ್ ಆಗ್ಬಿಟ್ಟಿದೆ ಆಂಟಿ, ನೆಕ್ಸ್ಟ್ ಟೈಮ್ ಪಕ್ಕಾ’ ಎಂದು ಮೈಕು ಆರಿಸಿದ. ದೀಪ ಆರಿತು. ನಿಂತವಳು ನಿಂತೇ ಇದ್ದೆ, ಹಿಂದಿನಿಂದ ಯಾರೋ ಕೂತ್ಕೊಳ್ಳಿ ಮೇಡಂ, ಕಾಣಲ್ಲ ಎಂದರು.

ಕುರ್ಚಿ ಎತ್ತಿಕೊಂಡು ಪರದೆಯ ಹಿಂದಕ್ಕೆ ನಡೆದೆ.

ಅಲ್ಲಿ ಆಗಲೇ ಜನ ಇದ್ದರು. ಲಗ್ಗೆರೆಯಿಂದ ಕೆಲಸಕ್ಕೆ ಬರುವ ಹೌಸ್‌ಕೀಪಿಂಗ್ ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ನನ್ನನ್ನು ಕಂಡು ಏಳಲು ಹೋದರು. ಕೂರಿ ಎಂದೆ. ಅವರಲ್ಲಿ ಹಿರಿಯಳು, ‘ಯಾಕಮ್ಮ, ಮುಂದ್ಗಡೆ ಜಾಗ ಇಲ್ವಾ?’ ಎಂದಳು.

‘ಇದೆ ಕಣಮ್ಮ. ಈ ಸಿನಿಮಾಗೆ ಇದೇ ಕಡೆ ಸರಿ.’

ಮೈಕಿಲ್ಲದೆ, ಗುಟ್ಟು ಹೇಳುವ ದನಿಯಲ್ಲಿ ನನ್ನ ನಾಲ್ಕು ಮಾತನ್ನು ಅವರಿಗೆ ಆಡಿದೆ. ಕನ್ನಡಿಯ ಮುಂದೆ ಕಲಿತದ್ದರಲ್ಲಿ ಅರ್ಧ ಮರೆತಿತ್ತು. ಗೋಲಿನ ಕಂಬ, ಒದ್ದೆ ಬಟ್ಟೆ, ಕಾಡಿಗೆ, ಬೆಣ್ಣೆ. ಅವರು ನಕ್ಕರು, ಆಮೇಲೇನಾಯ್ತು ಎಂದು ಕೇಳಿದರು. ಕಿಡಿ ಸಿಡಿಯುವ ಹೊತ್ತಿಗೆ ಎಲ್ಲರೂ ಮುಂದಕ್ಕೆ ಬಾಗಿದ್ದರು. ಸಿಡಿಯಿತು, ಬಲಗೆನ್ನೆಗೆ. ಅವಳು ಬೆಣ್ಣೆಯ ಬಟ್ಟಲು ತಂದಳು, ಬೆರಳು ಅದ್ದಿದಳು, ಕೈ ಎತ್ತಿದಳು.

ಚಿತ್ರ ಅಲ್ಲಿಗೆ ನಿಂತಿತು. ಆ ಕಡೆಯಿಂದ ಕ್ಯುರೇಟರನ ದನಿ: ಈ ಫ್ರೇಮಿನ ಲೈಟಿಂಗ್ ಗಮನಿಸಿ ಎಂದು.

‘ಲೈಟಿಂಗ್ ಮನೆ ಹಾಳಾಗ, ಪಿಚ್ಚರ್ ಓಡ್ಸೋ!’ ಎಂದು ಪರದೆಯ ಹಿಂದಿನಿಂದ ಒಬ್ಬಳು ಕೂಗಿದಳು. ಹೌಸ್‌ಕೀಪಿಂಗಿನವರೆಲ್ಲ ತಿರುಗಿ ನನ್ನನ್ನೇ ನೋಡುತ್ತಿದ್ದರು.